ವೋಚರ್ ಮೇಲೆ ಸಹಿ ನನ್ನದು, ತಪ್ಪು ಯಾರದು?

ಓದುಗರ ಪ್ರಶ್ನೆ:

ಬೆಂಗಳೂರಿನ ಒಂದು ಕೈಗಾರಿಕಾ ಪ್ರದೇಶದಲ್ಲಿರುವ ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕುವ) ಯೂನಿಟ್‌ನಲ್ಲಿ ಹನ್ನೊಂದು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. 38 ಜನ ಕೆಲಸಗಾರರಿದ್ದಾರೆ. ಯಜಮಾನರು ಮತ್ತು ಅವರ ತಮ್ಮ ಪಾಲುದಾರರು. ತಮ್ಮ ಮೈಸೂರಿನಲ್ಲಿರುತ್ತಾರೆ, ವರ್ಷಕ್ಕೊಮ್ಮೆ ಬಂದು ಬ್ಯಾಲೆನ್ಸ್ ಶೀಟ್‌ಗೆ ಸಹಿ ಹಾಕಿ ಹೋಗುತ್ತಾರೆ. ಎರಡು ವರ್ಷದಲ್ಲಿ ಮೂರು ಸಲ ಯಜಮಾನರು ಲೈಸೆನ್ಸ್ ನವೀಕರಣಕ್ಕೆ ಅಂತ ಅಧಿಕಾರಿಗಳಿಗೆ ಮಾಮೂಲು ಕೊಟ್ಟರು. ಅದನ್ನು ‘ಲಾರಿ ಬಾಡಿಗೆ’ ಅಂತ ವೋಚರ್ ಬರೆದು ಸಹಿ ಹಾಕಿದ್ದು ನಾನು. ಮೊದಲ ಸಲ ಕೈ ನಡುಗಿತ್ತು. ಮೂರನೇ ಸಲ ಏನೂ ಅನ್ನಿಸಲಿಲ್ಲ.

ಈಗ ವಿಷಯ ದೊಡ್ಡದಾಗಿದೆ. ನಮ್ಮ ಇಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕ, ಕೆಟ್ಟು ಐದು ತಿಂಗಳಾಯಿತು. ತಪಾಸಣೆಗೆ ಬಂದವರು ವರದಿ ಚೆನ್ನಾಗಿ ಬರೆಯಲು ಒಂದೂವರೆ ಲಕ್ಷ ಕೇಳಿದ್ದಾರೆ. ರಿಪೇರಿಗೆ ಆರು ಲಕ್ಷ ಬೇಕು. ಯಜಮಾನರು ಒಂದೂವರೆ ಲಕ್ಷವೇ ವಾಸಿ ಅನ್ನುತ್ತಾರೆ. ವೋಚರ್ ಮತ್ತೆ ನಾನೇ ಮಾಡಬೇಕು. ಅವರು ಕೆಟ್ಟವರಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಮಗಳ ಹೃದಯದ ಆಪರೇಷನ್‌ಗೆ ಎರಡು ಲಕ್ಷ ಕೊಟ್ಟರು. ಇವತ್ತಿನವರೆಗೂ ಅದನ್ನು ಒಂದು ಸಲವೂ ಆಡಿ ತೋರಿಸಿಲ್ಲ, ವಾಪಸ್ ಕೇಳಿಲ್ಲ. ದೂರಶಿಕ್ಷಣದಲ್ಲಿ ಎಂಬಿಎ ಓದುವಾಗ ನೀತಿ ಸಿದ್ಧಾಂತಗಳ ಪಾಠ ಇತ್ತು. ಸುಳ್ಳು ಯಾವತ್ತೂ ತಪ್ಪು ಅನ್ನುವ ಕಾಂಟ್ ಪ್ರಕಾರ ನೋಡಿದರೆ ತಪ್ಪು, ಹೆಚ್ಚು ಜನರಿಗೆ ಒಳ್ಳೆಯದಾಗುವುದೇ ಸರಿ ಅನ್ನುವ ಮಿಲ್ ಪ್ರಕಾರ 38 ಮನೆಗಳ ಅನ್ನ ಉಳಿಯುವುದರಿಂದ ಸರಿ. ಒಂದೊಂದು ಒಂದೊಂದು ಉತ್ತರ ಕೊಟ್ಟರೆ ಇವನ್ನು ಓದಿ ಏನು ಪ್ರಯೋಜನ? ನಾನು ಏನು ಮಾಡಬೇಕು?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಇದು ಲಂಚದ ವಿಷಯ ಅನ್ನಿಸಿತು. ಎರಡನೇ ಸಲ ಓದುವಾಗ ಮಗಳ ಆಪರೇಷನ್ ಬಗ್ಗೆ ಬರೆದ ಮೂರು ಸಾಲಿನ ಹತ್ತಿರ ಬಂದು ನಿಂತೆ. ನಿಮ್ಮನ್ನು ನಿದ್ದೆ ಇಲ್ಲದ ಹಾಗೆ ಮಾಡಿರುವುದು ಅಲ್ಲಿದೆ ಅಂತ ನನ್ನ ಅನುಮಾನ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಕಥೆ ಸ್ವಲ್ಪ. ಇಪ್ಪತ್ತೆರಡು ವರ್ಷ ಆಡಿಟ್ ಕೆಲಸ ಮಾಡಿದ್ದೇನೆ. ಈಗ ಕಾಮರ್ಸ್ ಹುಡುಗರಿಗೆ ವ್ಯವಹಾರ ನೀತಿ ಪಾಠ ಮಾಡುತ್ತೇನೆ. ಆರ್ಟಿಕಲ್‌ಶಿಪ್‌ನಲ್ಲಿ (ಸಿಎ ತರಬೇತಿಯಲ್ಲಿ) ಇದ್ದ ಕಾಲದಲ್ಲಿ ಒಂದು ಫ್ಯಾಕ್ಟರಿಯ ಹಮಾಲಿ ವೋಚರ್‌ಗಳ ಕಟ್ಟು ನನ್ನ ಕೈಗೆ ಬಂತು. ಹದಿನಾಲ್ಕು ಹಮಾಲರ ಹೆಸರು, ಹದಿನಾಲ್ಕು ಸಹಿ, ಎಲ್ಲವೂ ಒಂದೇ ಹಸಿರು ಪೆನ್ನಿನಲ್ಲಿ! ನನ್ನ ಸೀನಿಯರ್‌ಗೆ ತೋರಿಸಿದೆ. ‘ಅದನ್ನ ಬಿಡಪ್ಪ, ಸಣ್ಣ ಮೊತ್ತ’ ಅಂದರು. ನಾನು ಟಿಕ್ ಹಾಕಿದೆ. ಮೂವತ್ತು ವರ್ಷ ಆದರೂ ಆ ಹಸಿರು ಬಣ್ಣ ಮರೆತಿಲ್ಲ. ಆದ್ದರಿಂದ ನಿಮ್ಮ ಮುಂದೆ ನ್ಯಾಯಾಧೀಶನ ಹಾಗೆ ಕೂರುವ ಯೋಗ್ಯತೆ ನನಗಿಲ್ಲ.

ನೀವು ಒಂದೇ ಪ್ರಶ್ನೆ ಅಂದುಕೊಂಡಿರುವುದರಲ್ಲಿ ಮೂರು ಪ್ರಶ್ನೆಗಳಿವೆ. ಅಧಿಕಾರಿಗೆ ದುಡ್ಡು ಕೊಡಬೇಕಾ ಅನ್ನುವುದು ಒಂದು. ಅದು ಯಜಮಾನರ ನಿರ್ಧಾರ. ಇಟಿಪಿ ಕೆಟ್ಟಿದ್ದರೂ ಪ್ಲೇಟಿಂಗ್ ನಡೆಸಬೇಕಾ ಅನ್ನುವುದು ಇನ್ನೊಂದು. ಅದೂ ಅವರದೇ, ಆದರೆ ನಿಮಗೆ ಗೊತ್ತಿದೆ. ಮೂರನೆಯದು ಆ ಕಾಗದದ ಮೇಲೆ ‘ಲಾರಿ ಬಾಡಿಗೆ’ ಅಂತ ಬರೆಯಬೇಕಾ ಅನ್ನುವುದು. ಇದು ಪೂರ್ತಿ ನಿಮ್ಮದು. ಮೂರನ್ನೂ ಕಲಸಿಟ್ಟಿದ್ದರಿಂದ ಇಡೀ ಫ್ಯಾಕ್ಟರಿಯ ಭಾರ ನಿಮ್ಮ ತಲೆ ಮೇಲೆ ಕೂತ ಹಾಗೆ ಆಗಿದೆ.

ಇನ್ನು ಕಾಂಟ್ ಮತ್ತು ಮಿಲ್. ನಮ್ಮ ತರಗತಿಗಳಲ್ಲಿ ಇವರನ್ನು ಕಲಿಸುವ ರೀತಿಯಲ್ಲೇ ಒಂದು ತೊಂದರೆ ಇದೆ. ಇಬ್ಬರು ಜಡ್ಜ್‌ಗಳ ಹಾಗೆ ಕೂರಿಸುತ್ತೇವೆ. ಒಬ್ಬರು ಸರಿ ಅಂದರು, ಒಬ್ಬರು ತಪ್ಪು ಅಂದರು, ಐದು ಅಂಕ. ಓಡುವ ಟ್ರಾಲಿ, ಹಳಿಗೆ ಕಟ್ಟಿದ ಐದು ಜನ, ಅವರನ್ನು ಉಳಿಸಲು ಟ್ರಾಲಿಯನ್ನು ಇನ್ನೊಬ್ಬನ ಮೇಲೆ ತಿರುಗಿಸಬಹುದಾ ಅನ್ನುವ ಲೆಕ್ಕವನ್ನೂ ಮಾಡಿಸುತ್ತೇವೆ. ಇಷ್ಟು ವರ್ಷದಲ್ಲಿ ಒಂದು ಕಡೆಯೂ ನಾನು ಆ ಟ್ರಾಲಿ ನೋಡಿಲ್ಲ. ನೋಡಿದ್ದೆಲ್ಲ ವೋಚರ್‌ಗಳೇ. ಕೆಲಸದ ಜಾಗದಲ್ಲಿ ಈ ಸಿದ್ಧಾಂತಗಳಿಂದ ಆಗುವ ಉಪಯೋಗ ಬೇರೆ. ನಾವು ಲೆಕ್ಕದಲ್ಲಿ ಯಾವ ಸಾಲು ಬಿಟ್ಟಿದ್ದೇವೆ ಅಂತ ಅವು ತೋರಿಸುತ್ತವೆ. ಆಡಿಟರ್ ಕೇಳುವ ಪ್ರಶ್ನೆಗಳ ಹಾಗೆ ಅಂದುಕೊಳ್ಳಿ.

ಮಿಲ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ತಪ್ಪು ಅಲ್ಲೇ ಆಗಿದೆ. ‘38 ಮನೆಗಳ ಅನ್ನ ಉಳಿಯುತ್ತದೆ, ಆದ್ದರಿಂದ ಸರಿ’ ಅನ್ನುವುದು ಮಿಲ್ ಲೆಕ್ಕ ಅಲ್ಲ, ಅರ್ಧ ಲೆಕ್ಕ. ಅವರ ಗುರು ಬೆಂಥಮ್ ಹಾಕಿಕೊಟ್ಟ ನಿಯಮ ಒಂದಿದೆ. ಪ್ರತಿಯೊಬ್ಬರೂ ಒಂದು ಅಂತ ಎಣಿಸಬೇಕು, ಯಾರನ್ನೂ ಒಂದಕ್ಕಿಂತ ಜಾಸ್ತಿ ಎಣಿಸಬಾರದು. ನೀವು ಕಾಂಪೌಂಡ್ ಒಳಗಿನ 38 ಮನೆ ಎಣಿಸಿದ್ದೀರಿ. ಕಾಂಪೌಂಡ್ ಹೊರಗಿನವರು ಎಲ್ಲಿ?

ಪ್ಲೇಟಿಂಗ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಇತರ ಓದುಗರಿಗಾಗಿ ಹೇಳುತ್ತೇನೆ. ಕ್ರೋಮ್ ಪ್ಲೇಟಿಂಗ್ ತೊಟ್ಟಿ ತೊಳೆದ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಹಳದಿ ಬಣ್ಣ, ತುಂಬಾ ವಿಷ, ನೀರಿನಲ್ಲಿ ಸುಲಭವಾಗಿ ಹರಿದು ಹೋಗುತ್ತದೆ. ಇಟಿಪಿ ಅಂದರೆ ಆ ನೀರನ್ನು ಶುದ್ಧ ಮಾಡುವ ಘಟಕ. ಅಲ್ಲಿ ರಾಸಾಯನಿಕ ಹಾಕಿ ಅದನ್ನು ಅಷ್ಟು ಅಪಾಯ ಇಲ್ಲದ ರೂಪಕ್ಕೆ ತಂದು, ಸುಣ್ಣ ಹಾಕಿ ಕೆಸರಾಗಿ ತಳಕ್ಕೆ ಕೂರಿಸುತ್ತಾರೆ. ಘಟಕ ಕೆಟ್ಟಾಗಲೂ ಕೆಲಸ ನಡೆಯುತ್ತಿದ್ದರೆ ನೀರು ಎಲ್ಲಿಗೆ ಹೋಗುತ್ತಿದೆ? ಮೋರಿಗೆ, ಇಲ್ಲವೇ ನೆಲದೊಳಕ್ಕೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಜಾಸ್ತಿ ಕ್ರೋಮಿಯಂ ಇರಬಾರದು ಎನ್ನುತ್ತದೆ ಭಾರತೀಯ ಮಾನಕ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಅಂದರೆ ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದವರು ಬೋರ್‌ವೆಲ್ ನೀರು ಬಳಸುವ ಜನ. ಅವರಲ್ಲಿ ನಿಮ್ಮ 38 ಕೆಲಸಗಾರರ ಮನೆಯವರೂ ಇರಬಹುದು, ಹತ್ತಿರದಲ್ಲೇ ಬಾಡಿಗೆಗೆ ಇರುತ್ತಾರಲ್ವಾ?

ಇದೇ ಕಾರಣಕ್ಕೆ ಈ ನಾಲ್ಕನೇ ವೋಚರ್ ಹಿಂದಿನ ಮೂರರ ಜಾತಿಗೆ ಸೇರಿದ್ದಲ್ಲ. ಹಿಂದಿನದು ನಿಮಗೆ ಬರಬೇಕಾದ ಕಾಗದವನ್ನು ತಡೆದು ಹಿಡಿದವರಿಗೆ ಕೊಟ್ಟ ದುಡ್ಡು. ಅದೂ ಅಪರಾಧವೇ, ಆದರೆ ಅಲ್ಲಿ ನಿಮ್ಮ ಫರ್ಮೇ ಸುಲಿಗೆಗೆ ಸಿಕ್ಕಿತ್ತು. ಈಗ ಕೊಡಲು ಹೊರಟಿರುವುದು ಬರಬಾರದ ಕಾಗದಕ್ಕೆ. ಇದರಲ್ಲಿ ಪೆಟ್ಟು ಬೀಳುವುದು ಬೇರೆಯವರಿಗೆ.

ಅರ್ಧ ಲೆಕ್ಕದ ಮಾತು ಬಂದಾಗ ಎಲ್ಲ ಎಂಬಿಎ ತರಗತಿಗಳಲ್ಲೂ ಫೋರ್ಡ್ ಪಿಂಟೋ ಕಾರಿನ ಕಥೆ ಬರುತ್ತದೆ. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಒಡೆದು ಬೆಂಕಿ ಹತ್ತುತ್ತಿತ್ತು, ಕಾರಿಗೆ 11 ಡಾಲರ್ ಉಳಿಸಲು ಕಂಪನಿ ಜನರನ್ನು ಸಾಯಲು ಬಿಟ್ಟಿತು, ಅದಕ್ಕೆ ಒಂದು ಮೆಮೋ ಸಾಕ್ಷಿ ಅಂತ ಹೇಳುತ್ತಾರೆ. ಮೆಮೋ ಇದ್ದದ್ದು ನಿಜ. 1973ರದ್ದು. ಒಂದು ಜೀವಕ್ಕೆ 2 ಲಕ್ಷ ಡಾಲರ್ ಬೆಲೆ ಹಾಕಿ, ಸುಧಾರಣೆಗೆ 13.7 ಕೋಟಿ ಡಾಲರ್ ಖರ್ಚು, ಲಾಭ 4.95 ಕೋಟಿ ಮಾತ್ರ ಅಂತ ತೋರಿಸಿತ್ತು. ಆದರೆ ಅದು ಪಿಂಟೋ ಕಾರಿಗೆ ಹಿಂದಿನಿಂದ ಆಗುವ ಡಿಕ್ಕಿಯ ಬಗ್ಗೆ ಬರೆದದ್ದಲ್ಲ. ಎಲ್ಲ ಕಂಪನಿಗಳ ಕಾರುಗಳು ಮಗುಚಿ ಬಿದ್ದಾಗ ಇಂಧನ ಸೋರುವ ಬಗ್ಗೆ, ಸರ್ಕಾರಿ ಸಂಸ್ಥೆಗೆ ಕೊಟ್ಟ ಲೆಕ್ಕ. ಜೀವದ ಆ ಬೆಲೆಯೂ ಅದೇ ಸಂಸ್ಥೆಯ ಅಂಕಿಗಳಿಂದ ಬಂದದ್ದು. ಇದನ್ನು ಹೇಳಿದರೆ ವಿದ್ಯಾರ್ಥಿಗಳಿಗೆ ಸ್ವಲ್ಪ ನಿರಾಸೆ ಆಗುತ್ತದೆ, ರಾಕ್ಷಸ ಕೈ ತಪ್ಪಿಹೋದ ಹಾಗೆ. ನನಗೆ ಮಾತ್ರ ನಿಜವಾದ ಕಥೆಯೇ ಹೆಚ್ಚು ಭಯ ಹುಟ್ಟಿಸುತ್ತದೆ. ಯಾರೋ ಒಬ್ಬ ದುಷ್ಟ ಕೂತು ಬರೆದ ಕಾಗದ ಅಲ್ಲ ಅದು. ಒಳ್ಳೆಯ ಗುಮಾಸ್ತರು, ಒಳ್ಳೆಯ ಎಂಜಿನಿಯರ್‌ಗಳು ದಿನದ ಕೆಲಸ ಅಂತ ಮಾಡಿದ ಕೂಡು-ಕಳೆ. ಒಂದೂವರೆ ಲಕ್ಷ ವಾಸಿಯೋ, ಆರು ಲಕ್ಷ ವಾಸಿಯೋ ಅಂತ ನಿಮ್ಮ ಯಜಮಾನರು ಮಾಡಿದ್ದೂ ಅಂಥದ್ದೇ. ಎರಡು ಅಂಕಿಯೂ ಸರಿ ಇವೆ. ನೀರಿನ ಸಾಲು ಮಾತ್ರ ಇಲ್ಲ.

ಅಷ್ಟೇ ಅಲ್ಲ, ಬರೀ ದುಡ್ಡಿನ ಲೆಕ್ಕವಾಗಿಯೂ ಅದು ತಪ್ಪು. ಒಂದೂವರೆ ಲಕ್ಷ ಕೊಟ್ಟರೆ ಇಟಿಪಿ ರಿಪೇರಿ ಆಗುವುದಿಲ್ಲ. ಆರು ಲಕ್ಷದ ಖರ್ಚು ಹಾಗೇ ಇರುತ್ತದೆ. ಜೊತೆಗೆ, ಇವರು ಕೊಡುತ್ತಾರೆ ಅಂತ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ನಾನು ನೋಡಿದ ಯಾವ ಪುಸ್ತಕದಲ್ಲೂ ಇಂಥ ಖರ್ಚು ವರ್ಷದಿಂದ ವರ್ಷಕ್ಕೆ ಇಳಿದದ್ದಿಲ್ಲ.

ಕಾಂಟ್ ಬಗ್ಗೆ ಜನರಿಗೆ ಸ್ವಲ್ಪ ಹೆದರಿಕೆ. 1797ರಲ್ಲಿ ಆತ ಬರೆದದ್ದು ಹಾಗಿದೆ. ಕೊಲೆಗಾರ ಬಾಗಿಲಿಗೆ ಬಂದು ನಿಮ್ಮ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂದ. ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ವಾಪಸ್ ಹೋಗಿ ನಿಂತ ಹಸುವಿನ ಕಥೆ ಕೇಳಿ ಬೆಳೆದ ನಮಗೂ ಇದು ಸ್ವಲ್ಪ ಅತಿ ಅನ್ನಿಸುತ್ತದೆ. ಆ ಹಸು ಪಣಕ್ಕಿಟ್ಟದ್ದು ತನ್ನ ಪ್ರಾಣ, ಗೆಳೆಯನದ್ದಲ್ಲ. ಅದಿರಲಿ. ಕಾಂಟ್ ಕೇಳುವ ಪ್ರಶ್ನೆಯನ್ನು ನಿಮ್ಮ ವೋಚರ್‌ಗೆ ಕೇಳಿ ನೋಡಿ: ಎಲ್ಲರೂ ಹೀಗೆ ಮಾಡಿದರೆ ಏನಾಗುತ್ತದೆ? ಎಲ್ಲ ಅಕೌಂಟೆಂಟ್‌ಗಳೂ ಬೇಕಾದಾಗ ಲಾರಿ ಬಾಡಿಗೆ ಅಂತ ಬರೆದರೆ ಲಾರಿ ಬಾಡಿಗೆಯ ವೋಚರ್ ಅನ್ನು ಯಾರೂ ನಂಬುವುದಿಲ್ಲ. ಆಗ ಸುಳ್ಳು ವೋಚರ್ ಬರೆದೂ ಉಪಯೋಗ ಇಲ್ಲ. ಅಂದರೆ ನಿಮ್ಮ ಸುಳ್ಳು ವೋಚರ್ ಬದುಕಿರುವುದು ನೀವೇ ಹನ್ನೊಂದು ವರ್ಷ ಬರೆದ ನಿಜವಾದ ವೋಚರ್‌ಗಳ ನೆರಳಿನಲ್ಲಿ. ಯಜಮಾನರು ನಿಮ್ಮಿಂದ ತೆಗೆದುಕೊಳ್ಳುತ್ತಿರುವುದು ಸಹಿ ಅಂತ ನೀವು ತಿಳಿದಿದ್ದೀರಿ. ಹನ್ನೊಂದು ವರ್ಷದ ಹೆಸರನ್ನು ತೆಗೆದುಕೊಳ್ಳುತ್ತಿದ್ದಾರೆ, ಅದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಆ ಕಾಗದ ಓದುವವರು ಯಾರು ಅಂತಲೂ ಯೋಚಿಸಿ. ಆಡಿಟರ್, ತೆರಿಗೆ ಇಲಾಖೆ, ಸಾಲ ಕೊಟ್ಟ ಬ್ಯಾಂಕು. ಜೊತೆಗೆ ಮೈಸೂರಿನ ತಮ್ಮ. ಪತ್ರದಲ್ಲಿ ಅವರ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅವರು ಪಾಲುದಾರರು. ಬ್ಯಾಲೆನ್ಸ್ ಶೀಟ್ ಮೇಲೆ ಅವರ ಸಹಿಯೂ ಇದೆ. ಲಾರಿ ಬಾಡಿಗೆ ನಿಜಕ್ಕೂ ಏನು ಅಂತ ಅವರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನೀವು ಒಬ್ಬ ಯಜಮಾನರಿಗೆ ಸಹಾಯ ಮಾಡುತ್ತಾ ಇನ್ನೊಬ್ಬ ಯಜಮಾನರಿಗೆ ಸುಳ್ಳು ಹೇಳುತ್ತಿದ್ದೀರಿ.

ಮೂರನೇ ಸಲ ಏನೂ ಅನ್ನಿಸಲಿಲ್ಲ ಅಂತ ಬರೆದಿದ್ದೀರಲ್ಲ, ಆ ವಾಕ್ಯಕ್ಕೆ ನಾನು ಅಡಿಗೆರೆ ಹಾಕಿದೆ. ಅರಿಸ್ಟಾಟಲ್ ಹೇಳುವುದು ಇದನ್ನೇ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಆಗುವುದು ರೂಢಿಯಿಂದ, ವೀಣೆ ನುಡಿಸಿ ನುಡಿಸಿ ವೈಣಿಕ ಆಗುವ ಹಾಗೆ. 2009ರ ಜನವರಿ 7ರಂದು ಸತ್ಯಂ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ರಾಜೀನಾಮೆ ಪತ್ರ ನನ್ನ ತರಗತಿಯಲ್ಲಿ ಪ್ರತಿ ವರ್ಷ ಓದಿಸುತ್ತೇನೆ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು ಅಂತ ಅದರಲ್ಲಿದೆ. ಹುಲಿ ಸವಾರಿಯ ಹಾಗೆ, ತಿನ್ನಿಸಿಕೊಳ್ಳದೆ ಇಳಿಯುವುದು ಹೇಗೆ ಅಂತ ಗೊತ್ತಾಗಲಿಲ್ಲ ಎಂದೂ ಇದೆ. ಆ ಹೊತ್ತಿಗೆ ಪುಸ್ತಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ನಿಮ್ಮ ವಿಷಯ ಅಷ್ಟು ದೊಡ್ಡದಲ್ಲ, ಸುಮ್ನೆ ಹೆದರಿಸುತ್ತಿಲ್ಲ. ಆದರೆ 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಚಾರಣಾ ನ್ಯಾಯಾಲಯ ತಪ್ಪಿತಸ್ಥರು ಅಂದ ಹತ್ತು ಮಂದಿಯಲ್ಲಿ ಯಜಮಾನರ ಜೊತೆ ಹಣಕಾಸು ವಿಭಾಗದ ನೌಕರರೂ ಇದ್ದರು. ಅವರೂ ಯಾರೋ ಹೇಳಿದ್ದನ್ನು ಬರೆದು ಕೊಟ್ಟವರೇ.

ಕಾನೂನು ಏನು ಹೇಳುತ್ತದೆ

‘ತಗೊಳ್ಳುವವನದು ತಪ್ಪು, ಕೊಡುವವನದಲ್ಲ’ ಅನ್ನುವುದು ಇನ್ನೂ ಎಲ್ಲರ ಬಾಯಲ್ಲಿದೆ. ಅದು ಹಳೆಯ ಮಾತು. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೇ ಅಪರಾಧ, ಏಳು ವರ್ಷದವರೆಗೆ ಜೈಲು ಆಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ಒಂದು ದಾರಿ ಬಿಟ್ಟಿದ್ದಾರೆ. ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ನಿಮ್ಮ ಹಿಂದಿನ ಮೂರಕ್ಕೂ ಆ ಗಡುವು ಮುಗಿದಿದೆ.

‘ನಾನು ಬರೀ ಗುಮಾಸ್ತ, ಹೇಳಿದ್ದು ಬರೆದೆ’ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಸುಳ್ಳು ಲೆಕ್ಕ ಬರೆಯುವ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 344ನೇ ಸೆಕ್ಷನ್‌ನಲ್ಲಿದೆ. ಹಳೆಯ ದಂಡ ಸಂಹಿತೆಯಲ್ಲಿ 477ಎ ಇತ್ತು. ಅದನ್ನು ಓದಿ ನೋಡಿ. ಅದು ಹೆಸರು ಹಿಡಿದು ಹೇಳುವುದೇ ಗುಮಾಸ್ತ, ಅಧಿಕಾರಿ, ನೌಕರ ಅಂತ. ಮೋಸದ ಉದ್ದೇಶ ಇತ್ತು ಅಂತ ಸಾಬೀತಾಗಬೇಕು, ಆದರೆ ಶಿಕ್ಷೆ ಇಲ್ಲೂ ಏಳು ವರ್ಷದವರೆಗೆ. ದುಡ್ಡು ನೀವೇ ಒಯ್ದು ಕೊಟ್ಟರೆ ಲಂಚಕ್ಕೆ ಕುಮ್ಮಕ್ಕು ಕೊಟ್ಟ ಆರೋಪವೂ ಸೇರುತ್ತದೆ. ನಾನು ಆಗಲೇ ಮಾಡಿದ ಭಾಗಗಳನ್ನೇ ಕಾನೂನೂ ಹೆಚ್ಚುಕಡಿಮೆ ಮಾಡಿದೆ ನೋಡಿ. ಲಂಚ ಯಜಮಾನರ ತಲೆಗೆ, ವೋಚರ್ ನಿಮ್ಮ ತಲೆಗೆ.

ಹಿಂದಿನ ಮೂರು ವೋಚರ್‌ಗಳ ಬಗ್ಗೆ ಒಂದು ಮಾತು. ಹರಿಯಬೇಡಿ, ತಿದ್ದಬೇಡಿ, ಟ್ಯಾಲಿಯಲ್ಲಿ (ಲೆಕ್ಕದ ಸಾಫ್ಟ್‌ವೇರ್‌ನಲ್ಲಿ) ಹಿಂದಿನ ತಾರೀಖು ಹಾಕಿ ಹೊಸ ಎಂಟ್ರಿ ಮಾಡಬೇಡಿ. ಭಯದಲ್ಲಿ ಮಾಡುವ ಆ ಕೆಲಸ ಮೊದಲಿನ ತಪ್ಪಿಗಿಂತ ಜಾಸ್ತಿ ತೊಂದರೆ ತರುತ್ತದೆ. ಕ್ರಿಮಿನಲ್ ಪ್ರಕರಣ ನೋಡುವ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಅದೂ ನಿಮ್ಮದೇ ವಕೀಲರು, ಫರ್ಮ್‌ನ ವಕೀಲರಲ್ಲ.

ಋಣದ ಮಾತು

ಈಗ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಕಾಂಟ್ ಮತ್ತು ಮಿಲ್ ಇಬ್ಬರನ್ನೂ ಓದಿ ನಿಮಗೆ ಸಮಾಧಾನ ಆಗದಿದ್ದಕ್ಕೆ ಕಾರಣ ಇದೇ ಇರಬೇಕು. ನಿಮ್ಮ ಮನಸ್ಸನ್ನು ಹಿಡಿದಿರುವುದು ಉಪಕಾರ ಸ್ಮರಣೆ. ಅದಕ್ಕೆ ಅವರ ಪಾಠದಲ್ಲಿ ಸಿಗುವ ಜಾಗ ಕಮ್ಮಿ. ನಮ್ಮಲ್ಲಿ ಬೇಕಾದಷ್ಟಿದೆ. ಉಂಡ ಮನೆಗೆ ಎರಡು ಬಗೆಯಬಾರದು, ಉಂಡ ಮನೆಯ ಜಂತೆ ಎಣಿಸಬಾರದು ಅಂತ ಕೇಳಿಕೊಂಡೇ ಬೆಳೆದವರು ನಾವು. ಕರ್ಣನ ಬಗ್ಗೆ ನಮಗೆ ಇರುವ ಮರುಕಕ್ಕೂ ಮೂಲ ಅದೇ. ಆತ ನಿಂತ ಪಕ್ಷ ತಪ್ಪು ಅಂತ ಗೊತ್ತಿದ್ದೂ ಅವನನ್ನು ಕಂಡರೆ ಕಣ್ಣು ತುಂಬುತ್ತದೆ.

ಡಬ್ಲ್ಯೂ. ಡಿ. ರಾಸ್ ಅನ್ನುವ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಇದಕ್ಕೆ ಜಾಗ ಕೊಟ್ಟರು. 1930ರಲ್ಲಿ ಅವರು ಹೇಳಿದ್ದು ಹೀಗೆ. ನಮ್ಮ ಮೇಲೆ ಇರುವ ಕರ್ತವ್ಯ ಒಂದಲ್ಲ, ಹಲವು. ಮಾತು ಉಳಿಸಿಕೊಳ್ಳುವುದು, ಮಾಡಿದ ತಪ್ಪು ಸರಿಪಡಿಸುವುದು, ಉಪಕಾರ ನೆನೆಯುವುದು, ಯಾರಿಗೂ ಕೇಡು ಮಾಡದಿರುವುದು, ಹೀಗೆ. ಎಲ್ಲವೂ ನಿಜ. ಆದರೆ ಎರಡು ಎದುರುಬದುರು ನಿಂತಾಗ ಆ ಸಂದರ್ಭದಲ್ಲಿ ಯಾವುದು ಭಾರ ಅಂತ ನಾವೇ ತೂಗಬೇಕು, ಅದಕ್ಕೆ ಸೂತ್ರ ಇಲ್ಲ. ಸೋತ ಕರ್ತವ್ಯವೂ ಮಾಯ ಆಗುವುದಿಲ್ಲ, ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇರುತ್ತದೆ. ಇದು ನಾನು ನೋಡಿದ ಬದುಕಿಗೆ ಹತ್ತಿರ. ನೀವು ಯಾವ ದಾರಿ ಹಿಡಿದರೂ ಸ್ವಲ್ಪ ಚುಚ್ಚುತ್ತದೆ, ಅದರಿಂದ ನೀವು ತಪ್ಪು ಮಾಡಿದ್ದೀರಿ ಅಂತ ಆಗುವುದಿಲ್ಲ.

ತೂಗಿ ನೋಡಿ. ರಾಸ್ ಸ್ವತಃ ಕೇಡು ಮಾಡದಿರುವುದನ್ನು ಒಳ್ಳೆಯದು ಮಾಡುವುದಕ್ಕಿಂತ ಗಟ್ಟಿಯಾದ ಕರ್ತವ್ಯ ಅಂದವರು. ಅದಕ್ಕಿಂತ ಮುಖ್ಯವಾದ ಮಾತು ನಿಮ್ಮ ಪತ್ರದಲ್ಲೇ ಇದೆ. ಯಜಮಾನರು ಆ ಎರಡು ಲಕ್ಷವನ್ನು ಒಂದು ಸಲವೂ ಆಡಿ ತೋರಿಸಿಲ್ಲ. ಅಂದರೆ ಅವರು ಆ ಋಣಕ್ಕೂ ಈ ವೋಚರ್‌ಗೂ ಗಂಟು ಹಾಕಿಲ್ಲ. ಗಂಟು ಹಾಕಿರುವುದು ನೀವು. ಆಪರೇಷನ್‌ಗೆ ಕೊಟ್ಟ ದುಡ್ಡನ್ನು ಸುಳ್ಳು ಸಹಿಯಲ್ಲಿ ತೀರಿಸಬೇಕು ಅಂತ ಅವರು ಕೇಳಿಲ್ಲ. ಕೇಳಿದ್ದರೆ ಅದು ಉಪಕಾರ ಆಗಿರುತ್ತಿರಲಿಲ್ಲ, ಸಾಲ ಆಗಿರುತ್ತಿತ್ತು. ಋಣ ತೀರಿಸಲೇಬೇಕು ಅನ್ನಿಸಿದರೆ ತಿಂಗಳಿಗೆ ಇಷ್ಟು ಅಂತ ಸಂಬಳದಲ್ಲಿ ಹಿಡಿಯಿರಿ ಅಂತ ನೀವೇ ಹೇಳಬಹುದು. ಬೇಡ ಅನ್ನಬಹುದು ಅವರು. ಆದರೂ ಕೇಳಿ.

ಇನ್ನು ದಾರಿಗಳು. ಕುಂಭಕರ್ಣ ಅಣ್ಣನಿಗೆ ಮುಖದ ಮೇಲೆ ತಪ್ಪು ಅಂತ ಹೇಳಿ, ಆಮೇಲೆ ಅವನ ಪರವಾಗಿಯೇ ಹೋರಾಡಿ ಸತ್ತ. ವಿಭೀಷಣ ಬಿಟ್ಟು ಹೋದ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಸಂಸ್ಥೆಗಳ ಬಗ್ಗೆ ಇದನ್ನೇ ಹೇಳಿದರು: ಹೊರಗೆ ಹೋಗುವುದು, ಒಳಗಿದ್ದು ದನಿ ಎತ್ತುವುದು, ಇವೆರಡರ ನಡುವೆ ನಿಷ್ಠೆ. ನಿಷ್ಠೆ ಇದ್ದವರು ಬೇಗ ಬಿಟ್ಟು ಹೋಗುವುದಿಲ್ಲ, ಆದ್ದರಿಂದ ದನಿ ಎತ್ತುತ್ತಾರೆ. ನೀವು ಇನ್ನೂ ದನಿಯನ್ನೇ ಎತ್ತಿಲ್ಲ. ಪತ್ರದಲ್ಲಿ ಎಲ್ಲೂ ‘ಯಜಮಾನರಿಗೆ ಹೇಳಿದೆ’ ಅಂತ ಇಲ್ಲ.

ಆದ್ದರಿಂದ ನನ್ನ ಸಲಹೆ ಅಲ್ಲಿಂದಲೇ. ಲಂಚ ತಪ್ಪು ಅಂತ ಉಪದೇಶ ಮಾಡಬೇಡಿ, ಅದು ಅವರಿಗೆ ಗೊತ್ತು. ನಿಮ್ಮ ಭಾಗದ ಮಾತು ಮಾತ್ರ ಹೇಳಿ. ‘ಸರ್, ಲಾರಿ ಬಾಡಿಗೆ ಅಂತ ಇನ್ನು ಮೇಲೆ ನನ್ನ ಕೈಲಿ ಬರೆಯೋಕಾಗಲ್ಲ. ಹಿಂದೆ ಬರೆದದ್ದಕ್ಕೇ ನಿದ್ದೆ ಬರ್ತಿಲ್ಲ. ಸಿಕ್ಕಿಬಿದ್ದರೆ ನಾನೂ ನೀವೂ ಇಬ್ಬರೂ ಹೋಗ್ತೀವಿ.’ ಇಷ್ಟು ಸಾಕು.

ಅವರು ‘ಸರಿ, ನನ್ನ ಡ್ರಾಯಿಂಗ್ಸ್‌ಗೆ ಹಾಕು’ ಅನ್ನಬಹುದು. ಪಾಲುದಾರರು ತಮ್ಮ ಸ್ವಂತಕ್ಕೆ ಹಣ ತೆಗೆಯುವುದು ಸಾಮಾನ್ಯ. ಆಗ ಪುಸ್ತಕದಲ್ಲಿ ಸುಳ್ಳು ಇರುವುದಿಲ್ಲ, ತಮ್ಮನಿಗೂ ಕಾಣುತ್ತದೆ. ಎಷ್ಟೋ ಅಕೌಂಟೆಂಟ್‌ಗಳು ಇಲ್ಲಿಗೆ ಬಂದು ನಿಲ್ಲುತ್ತಾರೆ. ನಾನು ಅವರನ್ನು ಹಳಿಯುವುದಿಲ್ಲ. ಆದರೆ ಇದು ಅರ್ಧ ದಾರಿ ಅಂತ ತಿಳಿದಿರಿ. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ಮೋರಿಗೆ ಹೋಗುವ ನೀರೂ ನಿಲ್ಲುವುದಿಲ್ಲ. ಕವರ್ ಒಯ್ಯುವ ಕೆಲಸವನ್ನಂತೂ ಒಪ್ಪಿಕೊಳ್ಳಬೇಡಿ.

ಇಟಿಪಿಯ ಮಾತೇ ಹೆಚ್ಚು ದೂರ ಹೋಗಬಲ್ಲದು. ಆರು ಲಕ್ಷ ಅನ್ನುವುದು ಒಬ್ಬರೇ ಹೇಳಿದ ಅಂದಾಜಾ? ಇನ್ನಿಬ್ಬರಿಂದ ಕೊಟೇಶನ್ ತರಿಸಿ. ಮೊದಲು ಯಾವ ಪಂಪು, ಯಾವ ತೊಟ್ಟಿ ಸರಿಯಾದರೆ ಘಟಕ ಓಡುತ್ತದೆ, ಉಳಿದದ್ದಕ್ಕೆ ಎಷ್ಟು ಸಮಯ ಬೇಕು ಅಂತ ಬಿಡಿಸಿ ಬರೆಸಿ. ಅಲ್ಲಿಯವರೆಗೆ ಆ ನೀರನ್ನು ಟ್ಯಾಂಕರ್‌ನಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಕಳಿಸಲು ಸಾಧ್ಯವಾ ವಿಚಾರಿಸಿ. ರಿಪೇರಿಗೆ ಬ್ಯಾಂಕು ಸಾಲ ಕೊಡುತ್ತದೆ, ಮಾಮೂಲಿಗೆ ಕೊಡುವುದಿಲ್ಲ. ತಪಾಸಣೆಯವರಿಗೆ ಲಿಖಿತವಾಗಿ ಕಾಲಾವಕಾಶ ಕೇಳಬಹುದು. ದಂಡ ಬೀಳಬಹುದು, ಕೆಲವು ದಿನ ಕೆಲಸ ನಿಲ್ಲಿಸಿ ಅನ್ನಲೂಬಹುದು. ಈ ಅಪಾಯ ನಿಜ, ಮುಚ್ಚಿಡುವುದಿಲ್ಲ. ಆದರೆ ಲಾರಿ ಬಾಡಿಗೆ ವೋಚರ್ ಇದ್ದ ಮಾತ್ರಕ್ಕೆ ಆ ಅಪಾಯ ಹೋಗಿಲ್ಲ. ಅಧಿಕಾರಿ ಬದಲಾದ ದಿನ ಮತ್ತೆ ಬರುತ್ತದೆ.

ಲೈಸೆನ್ಸ್ ನವೀಕರಣದಂಥ ಕೆಲಸಕ್ಕೆ ಮುಂದೆ ತಡ ಮಾಡಿದರೆ, ಆ ಸೇವೆ ಸಕಾಲದ ಪಟ್ಟಿಯಲ್ಲಿದೆಯಾ ನೋಡಿ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಲು 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ವ್ಯವಸ್ಥೆ ಅದು. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ನಂಬರ್ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಇದೆ. ಪರಿಹಾರ ಕಾಫಿ ತಿಂಡಿಗೆ ಸಾಕಾಗಬಹುದು ಅಷ್ಟೇ. ಉಪಯೋಗಕ್ಕೆ ಬರುವುದು ಆ ನಂಬರು ಮತ್ತು ಮೇಲ್ಮನವಿ. ಫೈಲ್ ಯಾರ ಮೇಜಿನ ಮೇಲೆ ಕೂತಿದೆ ಅಂತ ದಾಖಲೆ ಇರುತ್ತದೆ.

ಲೋಕಾಯುಕ್ತಕ್ಕೆ ಹೋಗುವ ದಾರಿಯೂ ಇದೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳವನ್ನು) ರದ್ದು ಮಾಡಿದ ಮೇಲೆ ಲಂಚ ಕೇಳುವವರನ್ನು ಹಿಡಿಯುವ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರ ಕೈಯಲ್ಲಿದೆ. ಕೊಡುವ ಮೊದಲೇ ಹೋಗಬೇಕು. ಅವರು ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿ ಕೊಡುತ್ತಾರೆ. ತೆಗೆದುಕೊಂಡವರ ಕೈಯನ್ನು ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಆಗುತ್ತದೆ. ಆದರೆ ದೂರು ಕೊಡಬೇಕಾದವರು ಯಜಮಾನರು, ಯಾಕೆಂದರೆ ದುಡ್ಡು ಕೇಳಿದ್ದು ಅವರನ್ನು. ತಮ್ಮ ಇಟಿಪಿಯೇ ಕೆಟ್ಟಿರುವಾಗ ಅವರು ಹಿಂದೆ ಸರಿಯುವುದು ಸಹಜ. ರಿಪೇರಿ ಶುರುವಾದ ಮೇಲೆ ಹೋದರೆ ಅವರ ಕಾಲು ಗಟ್ಟಿಯಾಗಿರುತ್ತದೆ.

ಯಜಮಾನರನ್ನು ಬಿಟ್ಟು ನೀವೊಬ್ಬರೇ ಹೊರಗೆ ದೂರು ಕೊಡುವುದು ಕೊನೆಯ ದಾರಿ. ಅದನ್ನು ಮಾಡಿ ಅಂತ ನಾನು ಕುರ್ಚಿಯಲ್ಲಿ ಕೂತು ಹೇಳುವುದಿಲ್ಲ. 2014ರಲ್ಲಿ ಸಂಸತ್ತು ಮಾಡಿದ ದೂರುದಾರರ ರಕ್ಷಣೆಯ ಕಾಯ್ದೆ ಜಾರಿಗೇ ಬಂದಿಲ್ಲ, ಬಂದರೂ ನಿಮ್ಮಂಥ ಸಣ್ಣ ಖಾಸಗಿ ಫರ್ಮ್ ನೌಕರರಿಗೆ ಅದರಿಂದ ದೊಡ್ಡ ಆಸರೆ ಇಲ್ಲ. ಕೋಲಾರದ ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆ ಪೆಟ್ರೋಲ್ ಬಂಕ್ ಮುಚ್ಚಿಸಿದರು. 2005ರ ನವೆಂಬರ್‌ನಲ್ಲಿ ಅವರನ್ನು ಕೊಂದರು. 27 ವರ್ಷ ವಯಸ್ಸು. ಅವರ ಧೈರ್ಯಕ್ಕೆ ನಾನು ತಲೆ ಬಾಗುತ್ತೇನೆ, ಆದರೆ ಮನೆಯಲ್ಲಿ ಹೃದಯದ ಆಪರೇಷನ್ ಆದ ಮಗು ಇರುವವರಿಗೆ ಆ ಧೈರ್ಯವನ್ನು ಸಲಹೆಯಾಗಿ ಬರೆದು ಕೊಡುವ ಹಕ್ಕು ನನಗಿಲ್ಲ.

ಯಜಮಾನರು ಒಪ್ಪದೆ ಹೋದರೆ? ಕೆಲಸ ಬಿಡಬೇಕಾಗಬಹುದು. ಸಿಟ್ಟಿನಲ್ಲಿ ಅವತ್ತೇ ಬಿಡಬೇಡಿ. ಇನ್ನೊಂದು ಕಡೆ ಹುಡುಕಿಕೊಂಡು ಬಿಡಿ. ಹನ್ನೊಂದು ವರ್ಷ ಆಗಿದೆ, ಗ್ರಾಚ್ಯುಟಿ ನಿಮ್ಮ ಹಕ್ಕು, ವರ್ಷಕ್ಕೆ 15 ದಿನದ ಸಂಬಳದಂತೆ. ಅದನ್ನು ಕೇಳಲು ಸಂಕೋಚ ಬೇಡ, ಅದು ಆಪರೇಷನ್ ದುಡ್ಡಿಗೆ ವಜಾ ಆಗುವ ಲೆಕ್ಕ ಅಲ್ಲ. ನೀವು ಹೋದ ಮೇಲೆ ಇನ್ನೊಬ್ಬರು ಬಂದು ವೋಚರ್ ಬರೆಯುತ್ತಾರೆ, ಹಾಗಾದರೆ ಏನು ಬದಲಾಯಿತು ಅಂತ ನಿಮ್ಮ ಗೆಳೆಯರು ಕೇಳುತ್ತಾರೆ. ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಆ ನೀರಿನ ಮಟ್ಟಿಗೆ ಏನೂ ಬದಲಾಗಲಿಕ್ಕಿಲ್ಲ, ನಿಜ. ಆದರೆ ಹನ್ನೊಂದು ವರ್ಷದ ಮನುಷ್ಯ ಇದೇ ಕಾರಣಕ್ಕೆ ಎದ್ದು ಹೋದ ಅಂತ ತಿಳಿದ ಮೇಲೆ ಯಜಮಾನರು ಮುಂದಿನ ವೋಚರ್ ಬರೆಸುವಾಗ ಒಂದು ಕ್ಷಣ ತಡೆದದ್ದನ್ನು ನಾನು ಎರಡು ಕಡೆ ನೋಡಿದ್ದೇನೆ. ಮೂರನೇ ಕಡೆ ತಡೆಯಲಿಲ್ಲ.

ಮಾತಾಡುವ ಹೊತ್ತು ನೋಡಿಕೊಳ್ಳಿ. ಅಧಿಕಾರಿಯ ಫೋನ್ ಬಂದ ದಿನ ಬೇಡ, ಸಂಬಳದ ದಿನವೂ ಬೇಡ. ಬೆಳಿಗ್ಗೆ ಅವರು ಬಂದು ದೇವರಿಗೆ ಊದುಬತ್ತಿ ಹಚ್ಚಿ, ಮೊದಲ ಕಾಫಿ ಕುಡಿಯುವ ಹೊತ್ತಿಗೆ ಒಳಗೆ ಹೋಗಿ. ಬಾಗಿಲು ಹಾಕಿಕೊಳ್ಳಿ. ಕೈಯಲ್ಲಿ ಇಟಿಪಿಯ ಮೂರು ಕೊಟೇಶನ್ ಇರಲಿ. ಮೊದಲು ಅದನ್ನು ಅವರ ಮುಂದೆ ಇಡಿ, ವೋಚರ್ ಮಾತು ಆಮೇಲೆ.